‘ಹೈ ರಿಸ್ಕ್’ ಎಂದು ವರದಿ ಬಂದಾಗ: ಕಾಯುವ ದಿನಗಳಲ್ಲಿ ಏನು ಮಾಡಬೇಕು?

ಮೂರು ತಿಂಗಳು ತುಂಬುತ್ತಿದೆ. ಸಾಗರದಲ್ಲೋ ತೀರ್ಥಹಳ್ಳಿಯಲ್ಲೋ ಸ್ಕ್ಯಾನಿಂಗ್ ಆಯಿತು, ರಕ್ತ ತೆಗೆದು ಹೊರಗಿನ ಲ್ಯಾಬಿಗೆ ಕಳಿಸಿದರು. ಕೆಲವು ದಿನ ಬಿಟ್ಟು ಪತಿಯ ಮೊಬೈಲಿಗೆ ವರದಿ ಬಂತು. ‘ಡೌನ್ ಸಿಂಡ್ರೋಮ್: ಹೈ ರಿಸ್ಕ್’ ಎಂದು ಬರೆದಿದೆ, ಪಕ್ಕದಲ್ಲಿ 1:120 ಎಂಬ ಅಂಕಿ. ವೈದ್ಯರು ಸಿಗುವುದು ಸೋಮವಾರ. ಅಲ್ಲಿಯವರೆಗೆ ಬಾಯಿಗೆ ಅನ್ನ ಸೇರುವುದಿಲ್ಲ, ಕಣ್ಣಿಗೆ ನಿದ್ರೆ ಹತ್ತುವುದಿಲ್ಲ. ಅತ್ತೆ ಕೇಳಿದರೆ ಏನು ಹೇಳುವುದು, ತಾಯಿಗೆ ಫೋನ್ ಮಾಡುವುದೋ ಬೇಡವೋ ಎಂಬ ಗೊಂದಲ ಬೇರೆ.

ಈ ಸ್ಥಿತಿಯಲ್ಲಿ ನೀವಿದ್ದರೆ ಮೊದಲು ಒಂದು ವಿಷಯ ತಿಳಿದುಕೊಳ್ಳಿ. ನಿಮ್ಮ ಮಗುವಿಗೆ ತೊಂದರೆ ಇದೆ ಎಂದು ಈ ವರದಿ ಹೇಳಿಲ್ಲ. ಇನ್ನೊಂದು ಪರೀಕ್ಷೆ ಮಾಡಿಸಿ ನೋಡುವುದು ಒಳ್ಳೆಯದು ಎಂದಷ್ಟೇ ಹೇಳಿದೆ.

ಅಂಕಿಯ ಅರ್ಥವೇನು?

1:120 ಎಂದರೆ ನಿಮ್ಮಂಥದೇ ವರದಿ ಬಂದ 120 ಗರ್ಭಿಣಿಯರನ್ನು ಒಟ್ಟಿಗೆ ಕೂರಿಸಿದರೆ ಅವರಲ್ಲಿ ಒಬ್ಬರ ಮಗುವಿಗೆ ಡೌನ್ ಸಿಂಡ್ರೋಮ್ ಇರಬಹುದು. ಉಳಿದ 119 ಮಂದಿಯ ಮಕ್ಕಳಿಗೆ ಅದು ಇರುವುದಿಲ್ಲ. ಸಾಮಾನ್ಯವಾಗಿ 1:250ಕ್ಕಿಂತ ಹೆಚ್ಚು ಸಾಧ್ಯತೆ ಕಂಡರೆ ಲ್ಯಾಬಿನವರು ‘ಹೈ ರಿಸ್ಕ್’ ಎಂದು ಬರೆಯುತ್ತಾರೆ. ಈ ಪರೀಕ್ಷೆ ಮಾಡಿಸಿಕೊಂಡ 100 ಮಂದಿಯಲ್ಲಿ ಸುಮಾರು 5 ಮಂದಿಗೆ ಹೀಗೆ ಬರುತ್ತದೆ. ಅವರಲ್ಲಿ ಬಹುಪಾಲು ಮಂದಿಯ ಮಕ್ಕಳಿಗೆ ಈ ಸ್ಥಿತಿ ಇರುವುದಿಲ್ಲ.

ತಾಯಿಯ ವಯಸ್ಸೂ ಈ ಲೆಕ್ಕಕ್ಕೆ ಸೇರುತ್ತದೆ. 25ರ ಪ್ರಾಯದಲ್ಲಿ ಈ ಸಾಧ್ಯತೆ ಸುಮಾರು 1,250ರಲ್ಲಿ ಒಂದು, 35ರಲ್ಲಿ ಸುಮಾರು 350ರಲ್ಲಿ ಒಂದು, 40ರಲ್ಲಿ ಸುಮಾರು 100ರಲ್ಲಿ ಒಂದು. ಆದ್ದರಿಂದ ಪ್ರಾಯ ಹೆಚ್ಚಾದವರಿಗೆ ರಕ್ತದ ಅಂಶಗಳಲ್ಲಿ ಅಲ್ಪ ವ್ಯತ್ಯಾಸವಿದ್ದರೂ ‘ಹೈ ರಿಸ್ಕ್’ ಬರಬಹುದು.

ವರದಿಯನ್ನು ಇನ್ನೊಮ್ಮೆ ಓದಿ

ಕಂಪ್ಯೂಟರಿಗೆ ತಪ್ಪು ಮಾಹಿತಿ ಕೊಟ್ಟರೆ ತಪ್ಪು ಉತ್ತರವೇ ಬರುತ್ತದೆ. ವರದಿಯ ಮೇಲ್ಭಾಗದಲ್ಲಿ ನಿಮ್ಮ ಹುಟ್ಟಿದ ದಿನಾಂಕ, ತೂಕ, ಗರ್ಭದ ವಾರ, ಒಂದೇ ಮಗುವೋ ಅವಳಿಯೋ, ಮಧುಮೇಹ ಇದೆಯೋ ಎಂಬುದೆಲ್ಲ ಇರುತ್ತದೆ. ಎಲ್ಲವೂ ಸರಿ ಇದೆಯೇ ನೋಡಿ. ಕೊನೆಯ ಮುಟ್ಟಿನ ದಿನಾಂಕವನ್ನು ‘ಈದ್ ಕಳೆದು ಒಂದು ವಾರಕ್ಕೆ’ ಎಂದು ಅಂದಾಜಿನಲ್ಲಿ ಹೇಳಿದ್ದರೆ ವೈದ್ಯರಿಗೆ ತಿಳಿಸಿ. ಸ್ಕ್ಯಾನಿಂಗ್‌ನಲ್ಲಿ ಅಳೆದ ಮಗುವಿನ ಉದ್ದದಿಂದ ವಾರವನ್ನು ಸರಿಯಾಗಿ ಲೆಕ್ಕ ಹಾಕಬಹುದು. ವಾರ ತಿದ್ದಿದರೆ ಫಲಿತಾಂಶವೂ ಬದಲಾಗಬಹುದು.

‘ಎನ್‌ಟಿ’ ಎಂಬ ಅಳತೆಯನ್ನೂ ಗಮನಿಸಿ. ಮಗುವಿನ ಕತ್ತಿನ ಹಿಂಭಾಗದಲ್ಲಿ ಚರ್ಮದ ಅಡಿ ಇರುವ ನೀರಿನ ಪದರದ ದಪ್ಪ ಅದು. ಅದು 3.5 ಮಿ.ಮೀ. ಅಥವಾ ಹೆಚ್ಚಿದ್ದರೆ ವೈದ್ಯರು ಸಾಮಾನ್ಯವಾಗಿ ಮತ್ತೊಂದು ರಕ್ತ ಪರೀಕ್ಷೆಗೆ ಕಾಯದೆ ನೇರವಾಗಿ ಖಚಿತ ಪರೀಕ್ಷೆಯನ್ನೇ ಸಲಹೆ ಮಾಡುತ್ತಾರೆ.

ಮುಂದಿನ ಪರೀಕ್ಷೆಗಳು

ಎನ್‌ಐಪಿಟಿ: ಇದು ತಾಯಿಯ ರಕ್ತದ ಪರೀಕ್ಷೆ. ಮಗುವಿಗೆ ಅಪಾಯವಿಲ್ಲ. 10 ವಾರದ ನಂತರ ಮಾಡಬಹುದು, ಫಲಿತಾಂಶಕ್ಕೆ ಒಂದೆರಡು ವಾರ ಬೇಕು. ಡೌನ್ ಸಿಂಡ್ರೋಮ್ ಇರುವ 100 ಗರ್ಭಗಳಲ್ಲಿ ಸುಮಾರು 99ನ್ನು ಇದು ಗುರುತಿಸುತ್ತದೆ. ಆದರೂ ಇದು ಖಚಿತ ಪರೀಕ್ಷೆಯಲ್ಲ. ‘ಪಾಸಿಟಿವ್’ ಬಂದರೆ ಮುಂದಿನ ಪರೀಕ್ಷೆಯಿಂದ ದೃಢಪಡಿಸಿಕೊಳ್ಳಲೇಬೇಕು. ಇದಕ್ಕೆ ಹಲವು ಸಾವಿರ ರೂಪಾಯಿ ತಗಲುತ್ತದೆ.

ಸಿವಿಎಸ್: ಗರ್ಭದೊಳಗಿನ ಮಾಸುವಿನಿಂದ ಚಿಕ್ಕ ತುಣುಕು ತೆಗೆಯುವುದು. 11ರಿಂದ 14 ವಾರದೊಳಗೆ ಮಾಡುತ್ತಾರೆ.

ಆಮ್ನಿಯೋಸೆಂಟೆಸಿಸ್: ಸ್ಕ್ಯಾನಿಂಗ್‌ನಲ್ಲಿ ನೋಡುತ್ತಾ ಹೊಟ್ಟೆಯ ಮೂಲಕ ತೆಳು ಸೂಜಿ ಹಾಕಿ ಮಗುವಿನ ಸುತ್ತಲಿನ ನೀರನ್ನು ನಾಲ್ಕೈದು ಚಮಚದಷ್ಟು ತೆಗೆಯುವುದು. 15 ವಾರ ತುಂಬಿದ ಮೇಲೆ ಮಾಡುತ್ತಾರೆ. ಕೆಲವೇ ನಿಮಿಷದ ಕೆಲಸ. ಸಿವಿಎಸ್‌ನಲ್ಲೂ ಇದರಲ್ಲೂ ಗರ್ಭಪಾತದ ಹೆಚ್ಚುವರಿ ಅಪಾಯ ಅನುಭವಿಗಳ ಕೈಯಲ್ಲಿ 200ಕ್ಕೆ ಒಂದಕ್ಕಿಂತ ಕಡಿಮೆ. ಮುಖ್ಯ ವರ್ಣತಂತುಗಳ ಪ್ರಾಥಮಿಕ ಫಲಿತಾಂಶ ಕೆಲವು ದಿನಗಳಲ್ಲಿ ಸಿಗುತ್ತದೆ, ಪೂರ್ಣ ವರದಿಗೆ ಎರಡು ಮೂರು ವಾರ ಬೇಕು. ನಿಮ್ಮ ರಕ್ತದ ಗುಂಪು ನೆಗೆಟಿವ್ ಆಗಿದ್ದರೆ ಮೊದಲೇ ಹೇಳಿ, ‘ಆಂಟಿ-ಡಿ’ ಚುಚ್ಚುಮದ್ದು ಬೇಕಾಗಬಹುದು. ಮನೆಗೆ ಬಂದ ಮೇಲೆ ರಕ್ತಸ್ರಾವ, ನೀರು ಹೋಗುವುದು, ಜ್ವರ ಅಥವಾ ತೀವ್ರ ಹೊಟ್ಟೆನೋವು ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಿ.

ಈ ಯಾವ ಪರೀಕ್ಷೆಯೂ ಕಡ್ಡಾಯವಲ್ಲ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವವರು ನೀವು. ‘ಫಲಿತಾಂಶ ಏನೇ ಬಂದರೂ ನಾವು ಮಗುವನ್ನು ಹೆರುತ್ತೇವೆ’ ಎನ್ನುವವರು ಸೂಜಿ ಪರೀಕ್ಷೆ ಬೇಡ ಎನ್ನಬಹುದು. ಆದರೂ 18ರಿಂದ 20ನೇ ವಾರದ ವಿವರವಾದ ಸ್ಕ್ಯಾನಿಂಗ್ ತಪ್ಪಿಸಬೇಡಿ. ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಹೃದಯದ ತೊಂದರೆ ಇರುತ್ತದೆ, ಅವುಗಳಲ್ಲಿ ಬಹಳಷ್ಟನ್ನು ಶಸ್ತ್ರಚಿಕಿತ್ಸೆಯಿಂದ ಸರಿಪಡಿಸಬಹುದು. ಮೊದಲೇ ತಿಳಿದಿದ್ದರೆ ಎಲ್ಲಿ ಹೆರಿಗೆ ಮಾಡಿಸಬೇಕೆಂದು ಯೋಚಿಸಬಹುದು.

ಹೊರಡುವ ಮುನ್ನ ಲೆಕ್ಕ ಹಾಕಿ

ಇಂಥ ಪರೀಕ್ಷೆಗಳಿಗೆ ತಾಲೂಕು ಬಿಟ್ಟು ಹೋಗಬೇಕಾಗುತ್ತದೆ. ಸಾಗರದವರಿಗೆ ಶಿವಮೊಗ್ಗಕ್ಕೆ ಬಸ್ಸೂ ಇದೆ, ರೈಲೂ ಇದೆ. ಹೊಸನಗರದವರು ರಿಪ್ಪನ್‌ಪೇಟೆ ಮೇಲೆ ಶಿವಮೊಗ್ಗಕ್ಕೆ, ಇಲ್ಲವೇ ಹುಲಿಕಲ್ ಘಾಟಿ ಇಳಿದು ಕುಂದಾಪುರದ ಕಡೆಗೆ ಹೋಗುತ್ತಾರೆ. ತೀರ್ಥಹಳ್ಳಿಯವರಿಗೆ ಆಗುಂಬೆ ಘಾಟಿಯ ಮೂಲಕ ಮಣಿಪಾಲ ಹತ್ತಿರ. ಅಲ್ಲಿನ ಕಸ್ತೂರಬಾ ವೈದ್ಯಕೀಯ ಕಾಲೇಜಿನಲ್ಲಿ ವಂಶವಾಹಿ ವೈದ್ಯಶಾಸ್ತ್ರದ ಪ್ರತ್ಯೇಕ ವಿಭಾಗವೇ ಇದೆ. ಮಳೆಗಾಲದಲ್ಲಿ ಘಾಟಿಯಲ್ಲಿ ಗುಡ್ಡ ಕುಸಿದು ದಾರಿ ಬಂದ್ ಆಗುವುದುಂಟು. ಆದ್ದರಿಂದ ಹೊರಡುವ ಮುಂಚೆ ಆಸ್ಪತ್ರೆಗೆ ಫೋನ್ ಮಾಡಿ ಮೂರು ವಿಷಯ ಕೇಳಿ: ಈ ಪರೀಕ್ಷೆ ಅಲ್ಲಿ ಆಗುತ್ತದೆಯೇ, ಯಾವ ದಿನ ಬರಬೇಕು, ಖರ್ಚು ಎಷ್ಟು? ತಾಯಿ ಕಾರ್ಡ್, ಎಲ್ಲ ಸ್ಕ್ಯಾನಿಂಗ್ ವರದಿ, ರಕ್ತದ ಗುಂಪಿನ ಚೀಟಿ ಒಂದೇ ಚೀಲದಲ್ಲಿರಲಿ. ಎಲ್ಲಿಗೆ ಹೋಗಬೇಕೆಂದು ತಿಳಿಯದಿದ್ದರೆ ಆಶಾ ಕಾರ್ಯಕರ್ತೆಯನ್ನು ಕೇಳಿ. ಪ್ರತಿ ತಿಂಗಳ 9ರಂದು ಸರಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರ ಉಚಿತ ತಪಾಸಣೆ ಇರುತ್ತದೆ, ಅಲ್ಲಿಯೂ ವರದಿ ತೋರಿಸಬಹುದು.

ಗಂಡೋ ಹೆಣ್ಣೋ ಎಂದು ಮಾತ್ರ ಕೇಳಬೇಡಿ. 1994ರ ಕಾಯ್ದೆಯ ಪ್ರಕಾರ ಅದನ್ನು ಕೇಳುವುದೂ ಹೇಳುವುದೂ ಅಪರಾಧ.

120 ದಿನಗಳ ಪ್ರಶ್ನೆ

ತೊಂದರೆ ಖಚಿತವಾದರೆ ಮುಂದೇನು ಎಂಬ ಪ್ರಶ್ನೆ ನಮ್ಮ ಮನೆಗಳಲ್ಲಿ ಏಳುತ್ತದೆ. ಗರ್ಭಕ್ಕೆ 120 ದಿನವಾದ ಮೇಲೆ ತಾಯಿಯ ಜೀವಕ್ಕೆ ಅಪಾಯವಿದ್ದ ಹೊರತು ಗರ್ಭಪಾತ ಸಲ್ಲದು ಎಂಬುದು ವಿದ್ವಾಂಸರ ಸಾಮಾನ್ಯ ನಿಲುವು. ಅದಕ್ಕಿಂತ ಮುಂಚಿನ ಬಗ್ಗೆ ಭಿನ್ನ ಅಭಿಪ್ರಾಯಗಳಿವೆ. ಮಕ್ಕಾದ ಇಸ್ಲಾಮೀ ಫಿಕ್ಹ್ ಅಕಾಡೆಮಿ 1990ರಲ್ಲಿ, ಚಿಕಿತ್ಸೆಯಿಲ್ಲದ ಗಂಭೀರ ವೈಕಲ್ಯವಿದೆ ಎಂದು ನಂಬಿಕಸ್ಥ ವೈದ್ಯರ ಸಮಿತಿ ದೃಢಪಡಿಸಿದರೆ, ತಂದೆತಾಯಿ ಬಯಸಿದಲ್ಲಿ 120 ದಿನದೊಳಗೆ ಅವಕಾಶವಿದೆ ಎಂದು ತೀರ್ಮಾನಿಸಿತು. ನಿಮ್ಮ ಪರಿಸ್ಥಿತಿ ಅದಕ್ಕೆ ಸೇರುತ್ತದೆಯೇ ಎಂಬುದನ್ನು ವೈದ್ಯರ ವರದಿ ಹಿಡಿದು, ತಿಳಿದ ಆಲಿಮರ ಬಳಿ ಕೇಳಬೇಕು. ಅಂದಾಜಿನ ವರದಿಯ ಆಧಾರದ ಮೇಲೆ ಯಾವ ನಿರ್ಧಾರವನ್ನೂ ಮಾಡಬೇಡಿ.

ಇಲ್ಲಿ ಒಂದು ಲೆಕ್ಕ ನೆನಪಿರಲಿ. ವೈದ್ಯರು ವಾರ ಎಣಿಸುವುದು ಕೊನೆಯ ಮುಟ್ಟಿನ ಮೊದಲ ದಿನದಿಂದ. ಗರ್ಭ ನಿಲ್ಲುವುದು ಅದಾಗಿ ಸುಮಾರು ಎರಡು ವಾರಕ್ಕೆ. ಹಾಗಾಗಿ 120 ದಿನ ಎಂದರೆ ವೈದ್ಯರ ಲೆಕ್ಕದಲ್ಲಿ ಸುಮಾರು 19 ವಾರ. 16ನೇ ವಾರದಲ್ಲಿ ಸೂಜಿ ಪರೀಕ್ಷೆ ಮಾಡಿಸಿ ಪೂರ್ಣ ವರದಿಗೆ ಮೂರು ವಾರ ಕಾದರೆ ಅಲ್ಲಿಗೇ ಬಂತು. ‘ಮುಂದಿನ ತಿಂಗಳು ನೋಡೋಣ’ ಎಂದು ತಳ್ಳಿದರೆ ಯೋಚಿಸಲು ಸಮಯವೇ ಉಳಿಯುವುದಿಲ್ಲ. ದೇಶದ ಕಾನೂನಿನ ಗಡುವು ಬೇರೆ ಇದೆ, ಅದನ್ನು ವೈದ್ಯರಿಂದ ಕೇಳಿ ತಿಳಿಯಿರಿ.

ಮನೆಯವರಿಗೆ ಒಂದು ಮಾತು

ಡೌನ್ ಸಿಂಡ್ರೋಮ್‌ಗೆ ಕಾರಣ 21ನೇ ವರ್ಣತಂತು ಒಂದು ಹೆಚ್ಚಾಗಿರುವುದು. ವಿಜ್ಞಾನಿಗಳು ಇದನ್ನು 1959ರಲ್ಲೇ ಕಂಡುಕೊಂಡಿದ್ದಾರೆ. ಸಾಮಾನ್ಯವಾಗಿ ಅದು ತಾನಾಗಿ ಆಗುವಂಥದು. ಗರ್ಭಿಣಿ ತಿಂದದ್ದರಿಂದ, ಗ್ರಹಣ ನೋಡಿದ್ದರಿಂದ, ಯಾರದೋ ದೃಷ್ಟಿಯಿಂದ ಬರುವಂಥದಲ್ಲ. ಸಂಬಂಧದಲ್ಲಿ ಮದುವೆಯಾದದ್ದೂ ಇದಕ್ಕೆ ಕಾರಣವಲ್ಲ. ಆ ಮದುವೆಗಳಲ್ಲಿ ಹೆಚ್ಚಾಗುವ ಆನುವಂಶಿಕ ಕಾಯಿಲೆಗಳು ಬೇರೆ. ಆದ್ದರಿಂದ ಸೊಸೆಯ ಮೇಲೆ, ಅವಳ ತವರಿನ ಮೇಲೆ ಬೆರಳು ತೋರಿಸಬೇಡಿ. ವರದಿಯನ್ನು ಸಂಬಂಧಿಕರ ವಾಟ್ಸ್ಆ್ಯಪ್ ಗುಂಪಿಗೆ ಹಾಕಬೇಡಿ. ಯಾರಿಗೆ ಹೇಳಬೇಕು ಎಂಬುದನ್ನು ಅವಳೇ ತೀರ್ಮಾನಿಸಲಿ.

ಪತಿಯಂದಿರೇ, ವೈದ್ಯರ ಕೋಣೆಯ ಹೊರಗೆ ನಿಲ್ಲಬೇಡಿ. ಜೊತೆಗೆ ಒಳಗೆ ಹೋಗಿ ಕುಳಿತು ಕೇಳಿ. ಗಾಬರಿಯಲ್ಲಿ ಒಬ್ಬರಿಗೆ ಕೇಳಿಸದ್ದು ಇನ್ನೊಬ್ಬರಿಗೆ ಕೇಳಿಸುತ್ತದೆ. ಕೇಳಬೇಕಾದ ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ.

ಸಹೋದರಿ, ಕಾಯುವ ರಾತ್ರಿಗಳು ಉದ್ದವೆನಿಸುತ್ತವೆ. ಹೊತ್ತಿಗೆ ಸರಿಯಾಗಿ ಊಟ ಮಾಡಿ, ಕಬ್ಬಿಣಾಂಶದ ಮಾತ್ರೆ ಬಿಡಬೇಡಿ, ರಾತ್ರಿ ಮೊಬೈಲಿನಲ್ಲಿ ಹುಡುಕುತ್ತಾ ಕೂರಬೇಡಿ. ಅಳು ಬಂದರೆ ಅತ್ತುಬಿಡಿ, ಅದು ಈಮಾನಿನ ಕೊರತೆಯಲ್ಲ. ಮಗ ತೀರಿದಾಗ ಪ್ರವಾದಿಯವರ(ಸ) ಕಣ್ಣಲ್ಲೂ ನೀರು ಬಂದಿತ್ತು. ನಿದ್ರೆ ಪೂರಾ ಕೆಟ್ಟರೆ, ಮನಸ್ಸು ಹಿಡಿತಕ್ಕೆ ಸಿಗದಿದ್ದರೆ 14416ಕ್ಕೆ ಕರೆ ಮಾಡಿ. ಇದು ಸರಕಾರದ ‘ಟೆಲಿ ಮಾನಸ್’ ಸಹಾಯವಾಣಿ, ಉಚಿತ, ಕನ್ನಡದಲ್ಲೇ ಮಾತಾಡಬಹುದು. ಒಂಟೆಯನ್ನು ಕಟ್ಟಿ, ಆಮೇಲೆ ಅಲ್ಲಾಹನ ಮೇಲೆ ಭರವಸೆಯಿಡು ಎಂಬ ಪ್ರವಾದಿ ವಚನ ನಮಗೆಲ್ಲ ಗೊತ್ತು. ಸರಿಯಾದ ವಾರದಲ್ಲಿ ಸರಿಯಾದ ಪರೀಕ್ಷೆಗೆ ಹೋಗುವುದು ಆ ಹಗ್ಗ ಕಟ್ಟುವ ಕೆಲಸ. ಅದನ್ನು ಮಾಡಿ ಮುಗಿಸಿ, ದುಆ ಮಾಡಿ ಮಲಗಿ.