ಸೆಕೆಗೆ ಕಾಲು ಸೋತರೆ ಅದು ಸೋಮಾರಿತನವಲ್ಲ

ದೇವನಹಳ್ಳಿ ತಾಲೂಕಿನ ವಿಜಯಪುರದ ರೇಷ್ಮೆ ಬಿಚ್ಚಾಣಿಕೆ ಮನೆಗಳಲ್ಲಿ ಗೂಡು ಬೇಯುವ ಹಬೆ ತುಂಬಿರುತ್ತದೆ. ಏಪ್ರಿಲ್‌ನಲ್ಲಿ ಮೇಲಿನ ಶೀಟೂ ಕಾದರೆ ಆರೋಗ್ಯವಂತರೇ ಬಸವಳಿಯುತ್ತಾರೆ. ಮಲ್ಟಿಪಲ್ ಸ್ಕ್ಲೆರೋಸಿಸ್ (ಎಂಎಸ್) ಇರುವವರಿಗೆ ಅದು ಬರೀ ಸೆಕೆಯಲ್ಲ. ಮಧ್ಯಾಹ್ನಕ್ಕೆ ಕಣ್ಣು ಮಂಜಾಗುತ್ತದೆ, ಕಾಲು ಎತ್ತಿಡಲಾಗುವುದಿಲ್ಲ. "ಬೆಳಗ್ಗೆ ಚೆನ್ನಾಗಿದ್ದಳಲ್ಲ, ಈಗೇನಾಯ್ತು?" ಎಂದು ಮನೆಯವರೇ ಅನುಮಾನಿಸುವುದುಂಟು. ಅದು ಅನ್ಯಾಯ.

ದೇಹದ ರೋಗನಿರೋಧಕ ವ್ಯವಸ್ಥೆಯೇ ಮೆದುಳು ಮತ್ತು ಬೆನ್ನುಹುರಿಯ ನರಗಳ ಹೊದಿಕೆಯನ್ನು ಹಾಳುಮಾಡುವ ಕಾಯಿಲೆ ಎಂಎಸ್. ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ. ಹೆಚ್ಚಾಗಿ 20ರಿಂದ 40ರ ವಯಸ್ಸಿನಲ್ಲಿ, ಗಂಡಸರಿಗಿಂತ ಹೆಂಗಸರಲ್ಲಿ ಜಾಸ್ತಿ ಕಾಣಿಸಿಕೊಳ್ಳುತ್ತದೆ. ಹೊದಿಕೆ ಸವೆದ ನರ ಹೇಗೋ ಸಂದೇಶ ಸಾಗಿಸುತ್ತಿರುತ್ತದೆ; ಮೈಬಿಸಿ ಅರ್ಧ ಡಿಗ್ರಿ ಏರಿದರೂ ಕೈಕೊಡಬಹುದು. ಜರ್ಮನಿಯ ನೇತ್ರವೈದ್ಯ ವಿಲ್ಹೆಲ್ಮ್ ಉಥಾಫ್ 1890ರಲ್ಲೇ, ಶ್ರಮಪಟ್ಟಾಗ ಇಂಥ ರೋಗಿಗಳ ದೃಷ್ಟಿ ಮಂದವಾಗುವುದನ್ನು ದಾಖಲಿಸಿದ್ದರು. ಎಂಆರ್‌ಐ ಇಲ್ಲದ ಕಾಲದಲ್ಲಿ ರೋಗಿಯನ್ನು ಬಿಸಿನೀರಿನ ತೊಟ್ಟಿಯಲ್ಲಿ ಕೂರಿಸಿ ಪರೀಕ್ಷಿಸುತ್ತಿದ್ದರಂತೆ!

ಸಮಾಧಾನದ ಸಂಗತಿಯೆಂದರೆ, ಸೆಕೆಯಿಂದ ಹೆಚ್ಚಿದ ಈ ತೊಂದರೆ ನರಕ್ಕಾದ ಹೊಸ ಹಾನಿಯಲ್ಲ. ಮೈ ತಂಪಾದರೆ ಇಳಿಯುತ್ತದೆ. ಕತ್ತಿಗೆ, ಮಣಿಕಟ್ಟಿಗೆ ಒದ್ದೆ ಬಟ್ಟೆ ಸುತ್ತಿ ಫ್ಯಾನ್ ಹಾಕಿ, ತಣ್ಣೀರು ಕೊಡಿ. ನಮ್ಮ ಕಡೆಯ ಒಣ ಬೇಸಿಗೆಯಲ್ಲಿ ಇದು ಬೇಗ ಗುಣ ಕೊಡುತ್ತದೆ. ಹಬೆಯ ಕೋಣೆಯಲ್ಲಿ ಮಾತ್ರ ಬೆವರೇ ಆರದು. ಮೊದಲು ಅಲ್ಲಿಂದ ಹೊರಗೆ ಕರೆತನ್ನಿ. ಹಂಡೆಯ ಸುಡುನೀರಿನ ಸ್ನಾನ ಬೇಡ, ಉಗುರುಬೆಚ್ಚಗಿನ ನೀರು ಸಾಕು. ಸ್ಪರ್ಶ ಕುಂದಿದ ಕೈ ಗೂಡಿನ ಬಿಸಿನೀರಿಗೆ ಇಳಿದರೆ ಸುಟ್ಟದ್ದೂ ತಿಳಿಯದು. ಆ ಕೆಲಸ ಬೇರೆಯವರು ಮಾಡಲಿ.

ಇನ್ನೊಂದು ಮಾತು, ಹೆಂಗಸರು ಬಾಯಿಬಿಟ್ಟು ಹೇಳದ್ದು. ಮೂತ್ರದ ಅವಸರಕ್ಕೆ ಹೆದರಿ ನೀರನ್ನೇ ಕಡಿಮೆ ಕುಡಿಯುತ್ತಾರೆ. ಶೌಚಾಲಯ ದೂರವಿದ್ದರೆ ಇನ್ನೇನು ಮಾಡಿಯಾರು? ಆದರೆ ನೀರು ಕಡಿಮೆಯಾದರೆ ಮೂತ್ರದ ಸೋಂಕು, ಸೋಂಕಿನಿಂದ ಜ್ವರ, ಜ್ವರಕ್ಕೆ ಮತ್ತೆ ಅದೇ ನಿಶ್ಶಕ್ತಿ. ರಮಝಾನ್ ಉಪವಾಸದ ಬಗ್ಗೆಯೂ ಮೊದಲೇ ವೈದ್ಯರನ್ನು ಕೇಳಿ. ರೋಗಿಗಳು ಬೇರೆ ದಿನಗಳಲ್ಲಿ ಪೂರೈಸುವ ರಿಯಾಯಿತಿ ಕುರ್‌ಆನ್‌ನಲ್ಲೇ ಇದೆ.

ಮೈ ತಂಪಾದ ಮೇಲೂ ಹೊಸ ತೊಂದರೆ 24 ಗಂಟೆ ದಾಟಿದರೆ ಅದನ್ನು ಸೆಕೆಯ ತಲೆಗೆ ಕಟ್ಟಬೇಡಿ, ನರರೋಗ ತಜ್ಞರನ್ನು ಕಾಣಿ. ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ. ಬಾಯಿ ವಾರೆಯಾದರೆ, ಪ್ರಜ್ಞೆ ತಪ್ಪಿದರೆ ಕಾಯದೆ 108ಕ್ಕೆ ಕರೆ ಮಾಡಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಎಂಎಸ್ ಕೂಡ ಸೇರಿದೆ. ಯುಡಿಐಡಿ ಕಾರ್ಡಿಗೆ ಅರ್ಜಿ ಹಾಕಲು ಸಂಕೋಚ ಬೇಡ.