ಸವಾರನ ಕಿವಿ

ಸಂಗೀತಕ್ಕೂ ಪ್ರಯಾಣಕ್ಕೂ ಇರುವ ನಂಟು ಬಹಳ ಹಳೆಯದು. ಹಿಂದೆ ಸಂತೆಗೂ ಜಾತ್ರೆಗೂ ರಾತ್ರಿಯೆಲ್ಲ ಸಾಗುತ್ತಿದ್ದ ಎತ್ತಿನ ಗಾಡಿಗಳ ಸಾಲಿನಲ್ಲಿ ಹಾಡುಗಾರನೊಬ್ಬನಿದ್ದರೆ ದಾರಿ ಸವೆದುದೇ ತಿಳಿಯುತ್ತಿರಲಿಲ್ಲ. ಎತ್ತುಗಳ ಕೊರಳ ಗೆಜ್ಜೆ ಅವನ ಹಾಡಿಗೆ ತಾಳ ಹಾಕುತ್ತಿತ್ತು. ಗಾಡಿಯವನು ಮೈಮರೆತರೂ ಬಳಕೆಯ ಎತ್ತುಗಳು ದಾರಿ ಹಿಡಿದು ನಡೆಯುತ್ತಿದ್ದವು. ಎದುರಿಗೆ ಹಳ್ಳ ಕಂಡರೆ ತಾವಾಗಿಯೇ ನಿಲ್ಲುತ್ತಿದ್ದವು. ಇಂದು ಗಾಡಿಯ ಸ್ಥಾನಕ್ಕೆ ಮೋಟಾರ್ ಸೈಕಲ್ ಬಂದಿದೆ. ಸವಾರನು ಮೈಮರೆತರೆ ಅವನ ಪರವಾಗಿ ಎಚ್ಚರವಾಗಿರುವ ಜೀವವು ಅದರಲ್ಲಿಲ್ಲ. ಆದರೆ ದಾರಿಯಲ್ಲಿ ಹಾಡು ಕೇಳಬೇಕೆಂಬ ಆಸೆ ಮಾತ್ರ ಹಾಗೆಯೇ ಉಳಿದಿದೆ.

ಈ ಆಸೆಗೆ ವಿಜ್ಞಾನವು ಹೊಸ ಹೊಸ ಸಾಧನಗಳನ್ನು ಒದಗಿಸಿತು. 1954ರಲ್ಲಿ ಜೇಬಿನಲ್ಲಿ ಹಿಡಿಸುವ ಟ್ರಾನ್ಸಿಸ್ಟರ್ ರೇಡಿಯೋ ಮಾರುಕಟ್ಟೆಗೆ ಬಂದಿತು. 1979ರಲ್ಲಿ ಜಪಾನಿನ ಸೋನಿ ಸಂಸ್ಥೆಯು ವಾಕ್‌ಮನ್ ಎಂಬ ಪುಟ್ಟ ಕ್ಯಾಸೆಟ್ ಯಂತ್ರವನ್ನು ಹೊರತಂದಿತು. ಅಲ್ಲಿಂದ ಮುಂದೆ ನಡೆಯುವವನೂ ಓಡುವವನೂ ಬೇರೆಯವರಿಗೆ ಕೇಳಿಸದಂತೆ ತನ್ನ ಹಾಡನ್ನು ತಾನೊಬ್ಬನೇ ಕೇಳುವುದು ಸಾಧ್ಯವಾಯಿತು. ಈಗಂತೂ ತಂತಿಯೂ ಇಲ್ಲದ ಇಯರ್‌ಫೋನ್ ಹೆಲ್ಮೆಟ್ಟಿನ ಒಳಗೆ ಯಾರ ಕಣ್ಣಿಗೂ ಬೀಳದೆ ಕುಳಿತುಕೊಳ್ಳುತ್ತದೆ.

ಚಿತ್ರದುರ್ಗ ಜಿಲ್ಲೆಯ ರಸ್ತೆಗಳನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಹಿರಿಯೂರಿನಿಂದ ಚಿತ್ರದುರ್ಗಕ್ಕೆ ಸುಮಾರು 40 ಕಿಲೋಮೀಟರ್. ಬೆಂಗಳೂರು ಮತ್ತು ಮುಂಬಯಿ ನಗರಗಳನ್ನು ಕೂಡಿಸುವ ರಾಷ್ಟ್ರೀಯ ಹೆದ್ದಾರಿ ಇದೇ ಆದುದರಿಂದ ಹಗಲಿರುಳೂ ಭಾರಿ ಲಾರಿಗಳು ಇಲ್ಲಿ ಓಡಾಡುತ್ತವೆ. ಹೊಸದುರ್ಗ, ಹೊಳಲ್ಕೆರೆಗಳ ಕಡೆಯ ಹಳ್ಳಿಯ ರಸ್ತೆಗಳ ಸ್ವಭಾವವೇ ಬೇರೆ. ಅವು ತೆಂಗು, ಅಡಿಕೆ ತೋಟಗಳ ನಡುವೆ ತಿರುವುಗಳನ್ನು ಹಾಯ್ದು ಸಾಗುತ್ತವೆ. ತೋಟದ ಮರೆಯಿಂದ ಟ್ರ್ಯಾಕ್ಟರ್ ಒಮ್ಮೆಲೇ ರಸ್ತೆಗೆ ಬರಬಹುದು. ತಿರುವಿನ ಆಚೆ ಕುರಿಮಂದೆ ದಾಟುತ್ತಿರಬಹುದು. ಹೆದ್ದಾರಿಯಲ್ಲಿ ಅಪಾಯವು ಬಹುಮಟ್ಟಿಗೆ ಹಿಂದಿನಿಂದ ಬರುತ್ತದೆ. ಹಳ್ಳಿಯ ದಾರಿಯಲ್ಲಿ ಪಕ್ಕದಿಂದ ಬರುತ್ತದೆ. ಎರಡು ಕಡೆಗಳಲ್ಲಿಯೂ ಕಣ್ಣಿಗಿಂತ ಮೊದಲು ಸುದ್ದಿ ಮುಟ್ಟಿಸುವ ದೂತನೆಂದರೆ ಕಿವಿ.

ಕಣ್ಣು ತಾನು ತಿರುಗಿದ ದಿಕ್ಕನ್ನು ಮಾತ್ರ ನೋಡುತ್ತದೆ. ಕಿವಿಗೆ ಅಂತಹ ಮಿತಿಯಿಲ್ಲ. ಅದು ಸುತ್ತಲಿನ ಎಲ್ಲ ದಿಕ್ಕುಗಳಿಂದಲೂ ಶಬ್ದವನ್ನು ಸ್ವೀಕರಿಸುತ್ತದೆ. ನಮಗೆ ಎರಡು ಕಿವಿಗಳಿರುವುದರಲ್ಲಿಯೂ ಒಂದು ಸೊಗಸಾದ ಯುಕ್ತಿಯಿದೆ. ಗಾಳಿಯಲ್ಲಿ ಶಬ್ದವು ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ. ಎಡಗಡೆಯಿಂದ ಬಂದ ಸದ್ದು ಎಡಗಿವಿಯನ್ನು ಮೊದಲು ಮುಟ್ಟಿ, ಒಂದು ಸೆಕೆಂಡಿನ ಸಾವಿರದ ಒಂದು ಪಾಲಿಗಿಂತಲೂ ಕಡಿಮೆ ಅವಧಿಯ ನಂತರ ಬಲಗಿವಿಯನ್ನು ಸೇರುತ್ತದೆ. ಈ ಅತ್ಯಲ್ಪ ವ್ಯತ್ಯಾಸವನ್ನು ಮಿದುಳು ಗ್ರಹಿಸಿ, ಲಾರಿ ಯಾವ ಕಡೆಯಿಂದ ಬರುತ್ತಿದೆಯೆಂದು ಕ್ಷಣದಲ್ಲಿ ತಿಳಿಸುತ್ತದೆ. ಎರಡು ಕಿವಿಗಳಿಗೂ ಇಯರ್‌ಫೋನ್ ತುರುಕಿದಾಗ ಈ ಲೆಕ್ಕಾಚಾರವೇ ಕೆಡುತ್ತದೆ. ಒಂದೇ ಕಿವಿಗೆ ಹಾಕಿಕೊಂಡರೂ ದಿಕ್ಕಿನ ಅರಿವು ಕುಂದುತ್ತದೆ.

ಬೈಕಿನ ಮೇಲೆ ಹಾಡು ಕೇಳುವುದರಲ್ಲಿ ಇನ್ನೊಂದು ತೊಡಕಿದೆ. ವೇಗವು ಹೆಚ್ಚಿದಂತೆ ಸವಾರನಿಗೆ ಕೇಳಿಸುವ ಮುಖ್ಯ ಸದ್ದು ಎಂಜಿನ್ನಿನದಲ್ಲ. ಹೆಲ್ಮೆಟ್ಟಿಗೆ ಬಡಿಯುವ ಗಾಳಿಯದು. ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳನ್ನು ತಿರುಗಿಸುವ ಆಷಾಢದ ಗಾಳಿಯನ್ನು ಬಲ್ಲವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿಯೇ ಹೆಲ್ಮೆಟ್ಟಿನೊಳಗಿನ ಸದ್ದು 90 ಡೆಸಿಬೆಲ್‌ಗಳ ಆಸುಪಾಸಿಗೆ ಏರುತ್ತದೆ. ದೊಡ್ಡ ಸದ್ದು ಸಣ್ಣ ಸದ್ದನ್ನು ನುಂಗಿಬಿಡುವುದು ಶ್ರವಣದ ನಿಯಮ. ಆದುದರಿಂದ ಹಾಡು ಕೇಳಬೇಕಾದರೆ ಅದನ್ನು ಗಾಳಿಯ ಸದ್ದಿಗಿಂತ ಗಟ್ಟಿಯಾಗಿ ಹಾಕಬೇಕು. ಹಾಗೆ ಗಟ್ಟಿಯಾದ ಹಾಡು ಹಿಂದಿನ ಲಾರಿಯ ಹಾರನ್ನನ್ನು ನುಂಗುತ್ತದೆ.

ಕಿವಿಗೂ ಇದರಿಂದ ಕೇಡು ತಪ್ಪಿದ್ದಲ್ಲ. ಕಿವಿಯ ಒಳಭಾಗದಲ್ಲಿ ಶಂಖದಂತೆ ಸುರುಳಿ ಸುತ್ತಿದ ಅಂಗವೊಂದಿದೆ. ಅದರಲ್ಲಿರುವ ಸೂಕ್ಷ್ಮವಾದ ರೋಮಕೋಶಗಳೇ ಶಬ್ದವನ್ನು ನರಗಳಿಗೆ ದಾಟಿಸುತ್ತವೆ. ಒಮ್ಮೆ ನಾಶವಾದರೆ ಈ ಕೋಶಗಳು ಮತ್ತೆ ಹುಟ್ಟುವುದಿಲ್ಲ. 85 ಡೆಸಿಬೆಲ್ ಸದ್ದನ್ನು ದಿನಕ್ಕೆ 8 ಗಂಟೆಗಿಂತ ಹೆಚ್ಚು ಸಹಿಸಬಾರದೆಂದೂ, ಮೂರು ಡೆಸಿಬೆಲ್ ಏರಿದಂತೆಲ್ಲ ಈ ಅವಧಿಯನ್ನು ಅರ್ಧಕ್ಕೆ ಇಳಿಸಬೇಕೆಂದೂ ತಜ್ಞರ ನಿಯಮವಿದೆ. ಲೆಕ್ಕ ಹಾಕಿ ನೋಡಿ: 97 ಡೆಸಿಬೆಲ್‌ಗೆ ಹಾಡು ಹಾಕಿದರೆ ದೊರೆಯುವ ಅವಧಿ ಅರ್ಧ ಗಂಟೆ ಮಾತ್ರ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಹಿರಿಯೂರಿನಿಂದ ಹೊರಟವನು ಚಿತ್ರದುರ್ಗವನ್ನು ಮುಟ್ಟಲು 40 ನಿಮಿಷ ಬೇಕು. ಊರು ಸೇರುವ ಮೊದಲೇ ಅವನ ಕಿವಿಯ ಆ ದಿನದ ಪಾಲು ಮುಗಿದುಹೋಗಿರುತ್ತದೆ.

ಸಂಗೀತವು ಕಿವಿಯಲ್ಲಿ ನಿಲ್ಲುವುದಿಲ್ಲ, ಮನಸ್ಸನ್ನೂ ಹಿಡಿಯುತ್ತದೆ. ಅದು ಸಂಗೀತದ ಹಿರಿಮೆ. ದಾರಿಯಲ್ಲಿ ಅದೇ ಅದರ ಅಪಾಯ. 2001ರಲ್ಲಿ ವಾರೆನ್ ಬ್ರಾಡ್‌ಸ್ಕಿ ಎಂಬ ವಿದ್ವಾಂಸರು, ರಸ್ತೆಯನ್ನು ಪರದೆಯ ಮೇಲೆ ತೋರಿಸುವ ಚಾಲನಾ ಯಂತ್ರದ ಮುಂದೆ ಜನರನ್ನು ಕೂರಿಸಿ ಪರೀಕ್ಷಿಸಿದ ಫಲಿತಾಂಶವನ್ನು ಪ್ರಕಟಿಸಿದರು. ಹಾಡಿನ ಲಯವು ಚುರುಕಾದಂತೆ ವಾಹನದ ವೇಗವೂ ತಪ್ಪುಗಳೂ ಹೆಚ್ಚಿದ್ದವು. ಗಂಟೆಗೆ 60 ಕಿಲೋಮೀಟರ್ ವೇಗದ ಬೈಕು ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಮುಂದೆ ಹೋಗುತ್ತದೆ. ಹಾಡಿನ ಚರಣಕ್ಕೆ ಮನಸೋತು ಬ್ರೇಕ್ ಒತ್ತಲು ಒಂದು ಸೆಕೆಂಡ್ ತಡವಾದರೆ, ಆ 17 ಮೀಟರನ್ನು ಯಾರೂ ಹಿಂದಿರುಗಿಸಿ ಕೊಡಲಾರರು.

ಹಾಡು ಕೇಳಿದರೆ ನಿದ್ರೆ ಬಾರದಲ್ಲವೇ ಎಂದು ಕೆಲವರು ಕೇಳುವುದುಂಟು. ಹಾಡು ಬೇಸರವನ್ನು ಕಳೆಯುವುದು ನಿಜ. ಆದರೆ ದಣಿದ ದೇಹಕ್ಕೆ ಬೇಕಾದುದು ವಿಶ್ರಾಂತಿ. ಕಣ್ಣು ಎಳೆಯುತ್ತಿದ್ದರೆ ಗಾಡಿ ನಿಲ್ಲಿಸಿ ಮುಖ ತೊಳೆದು, ಕೊಂಚ ಮಲಗಿ ಎದ್ದು ಹೋಗುವುದೇ ಸರಿಯಾದ ದಾರಿ. ಕಿವುಡರಿಗೂ ಚಾಲನಾ ಪರವಾನಗಿ ದೊರೆಯುವುದಲ್ಲ ಎಂಬ ವಾದವೂ ಇದೆ. ಕಿವಿ ಕೇಳದವರು ತಮ್ಮ ಕೊರತೆಯನ್ನು ಅರಿತು, ಕನ್ನಡಿಯನ್ನು ಮತ್ತೆ ಮತ್ತೆ ನೋಡುತ್ತ ಕಣ್ಣಿಗೆ ಎರಡು ಪಟ್ಟು ಕೆಲಸ ಕೊಡುತ್ತಾರೆ. ಹಾಡು ಕೇಳುವವನು ಕಿವಿಯನ್ನೂ ಮುಚ್ಚಿ ಮನಸ್ಸನ್ನೂ ಬೇರೆಡೆಗೆ ಕಳುಹಿಸಿರುತ್ತಾನೆ. ಇವೆರಡೂ ಸಮಾನವಲ್ಲ.

ಕಾನೂನೂ ಇಲ್ಲಿ ಮೌನವಾಗಿಲ್ಲ. 1988ರ ಮೋಟಾರು ವಾಹನಗಳ ಅಧಿನಿಯಮವು ದ್ವಿಚಕ್ರ ವಾಹನದ ಸವಾರನು ಶಿರಸ್ತ್ರಾಣ ಧರಿಸಬೇಕೆಂದು ವಿಧಿಸುತ್ತದೆ. 2019ರ ತಿದ್ದುಪಡಿಯು ಚಾಲನೆಯ ವೇಳೆ ಕೈಯಲ್ಲಿ ಫೋನ್ ಬಳಸುವುದನ್ನು ಅಪಾಯಕರ ಚಾಲನೆಯ ಸಾಲಿಗೆ ಸೇರಿಸಿತು. ಮುಂದಿನ ಹಾಡನ್ನು ಹುಡುಕಲು ಫೋನನ್ನು ಕೈಗೆತ್ತಿಕೊಂಡವನಿಗೂ ಇದು ಅನ್ವಯಿಸುತ್ತದೆ. ಗೇರ್ ಇರುವ ಮೋಟಾರ್ ಸೈಕಲ್ ನಡೆಸಲು 18 ವರ್ಷ ತುಂಬಿರಬೇಕು. ಅದಕ್ಕೆ ಮೊದಲು ವಾಹನ ನಡೆಸಿ ಅಪರಾಧವೆಸಗಿದರೆ ಪೋಷಕರು ಇಲ್ಲವೆ ವಾಹನದ ಒಡೆಯರು 25,000 ರೂಪಾಯಿ ದಂಡಕ್ಕೂ ಮೂರು ವರ್ಷಗಳವರೆಗಿನ ಸೆರೆವಾಸಕ್ಕೂ ಗುರಿಯಾಗುತ್ತಾರೆ.

ಬಲ್ಲ ಸವಾರನಿಗೆ ದಾರಿಯೇ ಒಂದು ಬಗೆಯ ಸಂಗೀತ. ಎಂಜಿನ್ನಿನ ಶ್ರುತಿ ಬದಲಾದರೆ ಅದರ ಆಯಾಸವನ್ನೂ, ಚೈನಿನ ಸದ್ದಿನಿಂದ ಅದರ ಸಡಿಲವನ್ನೂ, ಟೈರಿನ ಸದ್ದಿನಿಂದ ರಸ್ತೆಯ ಮರಳನ್ನೂ ಅವನು ಗುರುತಿಸಬಲ್ಲನು. ಹದಿನೆಂಟನೆಯ ಶತಮಾನದಲ್ಲಿ ಹೈದರಾಲಿಯ ಸೈನ್ಯವು ಚಿತ್ರದುರ್ಗವನ್ನು ಮುತ್ತಿದಾಗ, ನೀರಿಗೆಂದು ಹೋದ ಓಬವ್ವೆಗೆ ಬಂಡೆಯ ಕಿಂಡಿಯ ಬಳಿ ಶತ್ರುಗಳ ಪಿಸುದನಿ ಕೇಳಿಸಿತೆಂದು ನಾಡಿನ ಜನ ಹೇಳುತ್ತ ಬಂದಿದ್ದಾರೆ. ಅವಳ ಒನಕೆಯನ್ನು ನಾವೆಲ್ಲರೂ ಹಾಡಿ ಹೊಗಳಿದ್ದೇವೆ. ಒನಕೆಯು ಮೇಲೇಳುವುದಕ್ಕೆ ಮೊದಲು ಎಚ್ಚೆತ್ತದ್ದು ಅವಳ ಕಿವಿ. ಹಾಡನ್ನು ಮನೆಯಲ್ಲಿ, ಮರದ ನೆರಳಿನಲ್ಲಿ, ಜಾತ್ರೆಯ ಬಯಲಿನಲ್ಲಿ ಮನದಣಿಯೆ ಕೇಳೋಣ. ದಾರಿಯಲ್ಲಿರುವಾಗ ಮಾತ್ರ ದಾರಿಯ ದನಿಗೆ ಕಿವಿಗೊಡೋಣ.