ಎದೆಯ ನೀರು: ಕ್ಷಯವೋ, ಕ್ಯಾನ್ಸರೋ?

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ ಕಡೆ ‘ಎದ್ಯಾಗ ನೀರು ತುಂಬೇದ’ ಎಂದರೆ ಮನೆಮಂದಿಗೆ ಮೊದಲು ಹೊಳೆಯುವುದು ಟಿ.ಬಿ. ಅದು ತಪ್ಪೂ ಅಲ್ಲ. ಪುಪ್ಪುಸದ ಸುತ್ತ ನೀರು ತುಂಬಲು ನಮ್ಮ ದೇಶದಲ್ಲಿ ಕ್ಷಯ ದೊಡ್ಡ ಕಾರಣ. ಆದರೆ ಪುಪ್ಪುಸ, ಸ್ತನ, ಅಂಡಾಶಯದ ಕ್ಯಾನ್ಸರ್‌ಗಳೂ ಅಲ್ಲಿಗೇ ಹಬ್ಬಿ ನೀರು ತರಿಸುತ್ತವೆ. ಆದ್ದರಿಂದ ಬೆನ್ನಿಗೆ ಸೂಜಿ ಹಾಕಿ ನೀರು ತೆಗೆದ ದಿನವೇ ಅದನ್ನು ಎರಡೂ ರೋಗಗಳ ಪರೀಕ್ಷೆಗೆ ಕಳಿಸಬೇಕು ಎನ್ನುವುದು ನನ್ನ ವಾದ.

ನೀರಿನ ಕಾರಣ ಹುಡುಕುವ ಮೊದಲ ಜರಡಿ 1972ರಲ್ಲಿ ರಿಚರ್ಡ್ ಲೈಟ್ ಮತ್ತು ಸಂಗಡಿಗರು ಕೊಟ್ಟದ್ದು. ನೀರಿನ ಪ್ರೋಟೀನ್ ರಕ್ತದ ಪ್ರೋಟೀನಿನ ಅರ್ಧಕ್ಕಿಂತ ಹೆಚ್ಚಿದ್ದರೆ ಅದು ಹೃದಯದ ಸೋಲಿನಿಂದ ಬಸಿದ ನೀರಾಗಿರುವ ಸಂಭವ ಕಡಿಮೆ. ಇಷ್ಟರಿಂದ ಕ್ಷಯ, ಕ್ಯಾನ್ಸರ್ ಬೇರೆಯಾಗುವುದಿಲ್ಲ. ಎರಡರಲ್ಲೂ ಲಿಂಫೊಸೈಟ್ ಎಂಬ ಬಿಳಿ ರಕ್ತಕಣಗಳೇ ತುಂಬಿರಬಹುದು. ಎಡಿಎ ಎಂಬ ಕಿಣ್ವ ಲೀಟರಿಗೆ 40 ಯೂನಿಟ್ ದಾಟಿದರೆ ವೈದ್ಯರು ಕ್ಷಯದ ಕಡೆ ವಾಲುತ್ತಾರೆ, ಆದರೆ ಕೀವು ತುಂಬಿದಾಗಲೂ, ಲಿಂಫೋಮಾ ಎಂಬ ಕ್ಯಾನ್ಸರಿನಲ್ಲೂ ಅದು ಏರುತ್ತದೆ. ಸಿಇಎ ಎಂಬ ಮಾರ್ಕರ್ ನೀರಿನಲ್ಲಿ ಬಹಳ ಏರಿದ್ದರೆ ಕ್ಯಾನ್ಸರ್ ಅನುಮಾನ ಗಟ್ಟಿಯಾಗುತ್ತದೆ. ಏರಿಲ್ಲದಿದ್ದರೆ? ಕ್ಯಾನ್ಸರ್ ಇಲ್ಲ ಎಂದು ಎದ್ದು ಹೋಗುವ ಹಾಗಿಲ್ಲ, ಏಕೆಂದರೆ ಅನೇಕ ಗಡ್ಡೆಗಳು ಸಿಇಎ ಹೊರಬಿಡುವುದೇ ಇಲ್ಲ. ಸಿಎ 125 ಎಂಬ ಇನ್ನೊಂದು ಮಾರ್ಕರ್ ಅಂತೂ ಕ್ಷಯದಲ್ಲೂ ಏರಿ ದಾರಿ ತಪ್ಪಿಸುತ್ತದೆ. ಮಾರ್ಕರ್ ಅಂದರೆ ಅನುಮಾನದ ಅಳತೆ, ಅಷ್ಟೇ. ಸಾಕ್ಷಿ ಬೇಕಾದರೆ ನೀರನ್ನು ಗಿರಗಿರ ತಿರುಗಿಸಿ, ತಳಕ್ಕಿಳಿದ ಗಸಿಯನ್ನು ಗಾಜಿನ ಮೇಲೆ ಸವರಿ, ಬಣ್ಣ ಹಾಕಿ ನೋಡಬೇಕು: ಗುಂಪುಗೂಡಿದ ಕೋಶಗಳು, ಒಳಗೆ ಊದಿದ ಕಪ್ಪನೆಯ ಕೇಂದ್ರಗಳು. ಸೈಟಾಲಜಿ ಎಂಬ ಈ ಕೋಶಪರೀಕ್ಷೆ ಕೂಡ ಕ್ಯಾನ್ಸರ್ ನೀರಿನಲ್ಲಿ ಸುಮಾರು ನೂರಕ್ಕೆ 60ರಲ್ಲಿ ಮಾತ್ರ ರೋಗ ಹಿಡಿಯುತ್ತದೆ. ಎರಡನೇ ಬಾರಿ ಕಳಿಸಿದರೆ ಇನ್ನಷ್ಟು ಸಿಗುತ್ತವೆ.

‘ಇಲ್ಲಿ ಟಿ.ಬಿ. ಜಾಸ್ತಿ, ಮೊದಲು ಗುಳಿಗೆ ಕೊಟ್ಟು ನೋಡೋಣ’ ಎನ್ನುವವರಿದ್ದಾರೆ. ಎಳೆ ಹರೆಯದವರಿಗೆ ಜ್ವರವಿದ್ದು ಎಡಿಎ ಹೆಚ್ಚಿದ್ದರೆ ಒಪ್ಪುವೆ. ಬೀಡಿ ಸೇದಿದ ಅರವತ್ತರ ಹಿರಿಯರಿಗೆ, ನೀರು ರಕ್ತ ಬೆರೆತು ಬಂದವರಿಗೆ ಒಪ್ಪಲಾರೆ. ನೀರು ತೆಗೆದ ಕೂಡಲೇ ಉಸಿರು ಹಗುರಾಗುತ್ತದೆ, ಆ ಕೀರ್ತಿ ಗುಳಿಗೆಗೆ ಹೋಗುತ್ತದೆ. ನೀರು ಮತ್ತೆ ತುಂಬುವಷ್ಟರಲ್ಲಿ ಬೆಲೆಬಾಳುವ ತಿಂಗಳುಗಳು ಕಳೆದಿರುತ್ತವೆ. ಖರ್ಚಿನ ಮಾತೂ ನಿಜವೇ. ಆದರೆ ನೀರು ಹೇಗೂ ಹೊರಬಂದಿದೆ. ಅದರಲ್ಲಿ 50 ಮಿಲಿಲೀಟರಿನಷ್ಟು ಸೈಟಾಲಜಿಗೆ ಎತ್ತಿಟ್ಟರೆ ರೋಗಿಗೆ ಇನ್ನೊಂದು ಸೂಜಿ ಚುಚ್ಚಬೇಕಿಲ್ಲ. ಮಾರ್ಕರ್‌ಗಳ ದುಬಾರಿ ಪಟ್ಟಿ ಬರೆಸುವ ಮೊದಲು ಈ ಬಾಟಲಿ ವಿಜಯಪುರದ ಲ್ಯಾಬಿಗೆ ಹೋಗಲಿ. ಅಲ್ಲಿ ಸಿಕ್ಕ ಕೋಶಗಳಲ್ಲೇ ಇಜಿಎಫ್‌ಆರ್ ಎಂಬ ಜೀನಿನ ಬದಲಾವಣೆಯನ್ನೂ ಹುಡುಕಬಹುದು. ಪುಪ್ಪುಸದ ಕ್ಯಾನ್ಸರ್ ಇರುವ ಕೆಲವರಿಗೆ ಗುಳಿಗೆಯ ಚಿಕಿತ್ಸೆ ಸಿಗುವುದು ಆ ಉತ್ತರದ ಮೇಲೆ.